ಹೆಬ್ಬೆರಳಿಗೆ ಗೊತ್ತಿದ್ದ ಅಂಗುಳ

ಮೂವತ್ತು ವರ್ಷ ಒಂದೇ ಊರಿನಲ್ಲಿ ಇದ್ದವನಿಗೆ ಆ ಊರಿನ ಬೀದಿ ಗೊತ್ತಿರುತ್ತದೆ, ಬಸ್ಸಿನ ನಂಬರು ಗೊತ್ತಿರುತ್ತದೆ, ಯಾವ ಅಂಗಡಿಯ ಸಂದೇಶ್ ಮಿಠಾಯಿ ಮಧ್ಯಾಹ್ನಕ್ಕೇ ಹಳಸುತ್ತದೆ ಎಂಬುದೂ ಗೊತ್ತಿರುತ್ತದೆ. ಬ್ರಹ್ಮಾವರದ ಕಡೆಯಿಂದ ಬಂದ ಶೀನನಿಗೆ ಕೊಲ್ಕತ್ತಾ ಗೊತ್ತಾದದ್ದು ಬೇರೆಯೇ ದಾರಿಯಲ್ಲಿ. ಅವನಿಗೆ ಗೊತ್ತಿದ್ದದ್ದು ಊರಿನವರ ಅಂಗುಳ. ನಾಲಿಗೆ ಎತ್ತಿದರೆ ತಾಗುತ್ತದಲ್ಲ, ಬಾಯಿಯ ಆ ಚಾವಣಿ. ಎಸ್ಪ್ಲನೇಡಿನ ಹಿಂದಿನ ಗಲ್ಲಿಯಲ್ಲಿದ್ದ ಹಳೆಯದೊಂದು ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಅವನು ಜನರ ಬಾಯಿಯ ಅಚ್ಚುಗಳನ್ನು ಪ್ಲಾಸ್ಟರಿನಲ್ಲಿ ಎರೆಯುತ್ತಿದ್ದ. ವಕೀಲರ ಮಕ್ಕಳು, ಮಾರ್ವಾಡಿ ಸೊಸೆಯಂದಿರು, ಫುಟ್‌ಬಾಲ್ ಆಡಿ ಹಲ್ಲು ಮುರಿದುಕೊಂಡವರು, ಎಲ್ಲರೂ ಅವನ ಕಪಾಟಿನಲ್ಲಿ ಬಿಳಿ ಬಾಯಿಗಳಾಗಿ ಸಾಲಾಗಿ ಕೂತಿದ್ದರು. ರಸ್ತೆಯಲ್ಲಿ ಎದುರಾದರೆ ಅವರಲ್ಲಿ ಒಬ್ಬರ ಗುರುತೂ ಅವನಿಗೆ ಹತ್ತುತ್ತಿರಲಿಲ್ಲ.

ಹಲ್ಲಿನ ಕೆಲಸಕ್ಕೆ ಅವನು ಬಂದದ್ದು ದೋಸೆ ಹಿಟ್ಟಿನಿಂದ. ಹದಿನಾರನೇ ವಯಸ್ಸಿಗೆ, ಸದರ್ನ್ ಅವೆನ್ಯೂವಿನ ಹತ್ತಿರ ಉಡುಪಿ ಹೋಟೆಲು ಇಟ್ಟಿದ್ದ ಸೋದರಮಾವ ವಿಶ್ವನಾಥನ ಬಳಿಗೆ ಬಂದು ರುಬ್ಬುಗಲ್ಲಿನ ಮುಂದೆ ಕೂತವನು. ಪ್ರತಿ ಭಾನುವಾರ ಮಸಾಲೆದೋಸೆ ತಿನ್ನಲು ಬರುತ್ತಿದ್ದ ಮುದುಕ ಡಾಕ್ಟರೊಬ್ಬರು, ಆಸ್ಪತ್ರೆಯ ದೊಡ್ಡ ಡಾಕ್ಟರು, ಇವನು ಅಳತೆಯ ಲೋಟವಿಲ್ಲದೆ ಬರಿಗೈಯಲ್ಲಿ ಹಿಟ್ಟಿನ ಹದ ಹಿಡಿಯುವುದನ್ನು ಐದು ವರ್ಷ ನೋಡಿದರು. ಆರನೇ ವರ್ಷ ಮಾವನನ್ನು ಕೇಳಿ ಇವನನ್ನು ಕರೆದುಕೊಂಡೇ ಹೋದರು. ದೋಸೆ ಹಿಟ್ಟಿನಲ್ಲಿ ಗುಳ್ಳೆ ಏಳಬೇಕು, ಪ್ಲಾಸ್ಟರಿನಲ್ಲಿ ಏಳಬಾರದು, ಉಳಿದದ್ದೆಲ್ಲ ಒಂದೇ ಎಂದು ಶೀನ ಹೇಳುತ್ತಿದ್ದ. ಅದು ತಮಾಷೆಯಲ್ಲ, ಅವನು ನಂಬಿದ್ದೇ ಹಾಗೆ.

ಕೆಲಸದ ರೀತಿ ಇಷ್ಟು. ಟ್ರೇಯಲ್ಲಿ ಗುಲಾಬಿ ಬಣ್ಣದ ಮೆದು ಕಲಸು ತುಂಬಿ ರೋಗಿಯ ಬಾಯಿಗೆ ಒತ್ತಿ, ಗಟ್ಟಿಯಾದ ಮೇಲೆ ತೆಗೆದರೆ ಹಲ್ಲು ಮತ್ತು ಅಂಗುಳದ ಗುರುತು ಅದರಲ್ಲಿ ಮೂಡಿರುತ್ತದೆ. ಅದಕ್ಕೆ ಪ್ಲಾಸ್ಟರ್ ಎರೆದರೆ ಅಚ್ಚು. ಮೇಲಿನ ದವಡೆಗೊಂದು, ಕೆಳಗಿನದಕ್ಕೊಂದು. ಆದರೆ ಎರಡು ಅಚ್ಚುಗಳು ಒಂದರ ಮೇಲೊಂದು ಹೇಗೆ ಕೂರಬೇಕು ಎಂಬುದು ಪ್ಲಾಸ್ಟರಿಗೆ ಗೊತ್ತಿಲ್ಲ. ಅದನ್ನು ರೋಗಿಯೇ ಹೇಳಬೇಕು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಮೇಣದ ಹಾಳೆಯನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತಾರೆ. ಆ ಕಚ್ಚಿನ ಪ್ರಕಾರ ಎರಡು ಅಚ್ಚುಗಳನ್ನೂ ಜೋಡಿಸಿ, ಅವುಗಳ ಹಿಂಬದಿಯನ್ನು ಒಟ್ಟಿಗೆ ಉಜ್ಜುವ ಚಕ್ರಕ್ಕೆ ಕೊಟ್ಟು ಸಪಾಟು ಮಾಡಿದರೆ ಮುಗಿಯಿತು, ಆ ಬಾಯಿ ಎಂದೆಂದಿಗೂ ಹಾಗೆಯೇ ಮುಚ್ಚಿಕೊಳ್ಳುತ್ತದೆ. ಮೇಣ ಸುಳ್ಳು ಹೇಳಿದರೆ ಅಚ್ಚೂ ಸುಳ್ಳು ಹೇಳುತ್ತದೆ.

ಹಲ್ಲು ಕೂಡುವ ರೀತಿಗೆ ಡಾಕ್ಟರುಗಳು ರೈಲಿನ ಡಬ್ಬಿಗಳ ಹಾಗೆ ಒಂದನೇ ಕ್ಲಾಸು, ಎರಡನೇ ಕ್ಲಾಸು, ಮೂರನೇ ಕ್ಲಾಸು ಎಂದು ಹೆಸರಿಟ್ಟಿದ್ದರು. ಶೀನ ಆ ಹೆಸರುಗಳನ್ನು ಅಚ್ಚಿನ ತಳದಲ್ಲಿ ಬರೆಯುತ್ತಿದ್ದ, ಮನಸ್ಸಿನಲ್ಲಿ ಮಾತ್ರ ತನ್ನವೇ ಹೆಸರುಗಳನ್ನು ಇಟ್ಟುಕೊಂಡಿದ್ದ. ಚಕ್ರದಿಂದ ತೆಗೆದ ಪ್ರತಿ ಅಚ್ಚಿನ ಅಂಗುಳಕ್ಕೂ ಹೆಬ್ಬೆರಳು ಇಟ್ಟು ನೋಡುವುದು ಅವನ ಚಾಳಿ. ಹಲ್ಲು ಸರಿಯಾಗಿ ಕೂಡುವ ಒಂದನೇ ಕ್ಲಾಸಿನದು ಬೋಗುಣಿ: ಅಗಲ, ಸಮ, ಹೆಬ್ಬೆರಳು ಸುಖವಾಗಿ ಕೂರುತ್ತದೆ. ಎರಡನೆಯದರಲ್ಲಿ ಮೇಲಿನ ಹಲ್ಲು ಉಬ್ಬಿ ಕೆಳದವಡೆ ಹಿಂದೆ ಬಿದ್ದಿರುವ ಬಗೆಯೊಂದಿದೆ, ಅದು ಮಾಡು: ಹುಟ್ಟೂರಿನ ಮನೆಗಳ ಹಂಚಿನ ಚಾವಣಿಯಂತೆ ಎರಡೂ ಕಡೆ ಇಳಿಜಾರು, ಇಕ್ಕಟ್ಟು, ಎತ್ತರ, ಬೆರಳು ಬದಿಗೆ ಉಜ್ಜುತ್ತ ಒಳಹೋಗುತ್ತದೆ. ಅದೇ ಎರಡನೆಯದರಲ್ಲಿ ಮುಂದಿನ ಹಲ್ಲು ಒಳಕ್ಕೆ ಮಡಚಿಕೊಂಡ ಇನ್ನೊಂದು ಬಗೆಯದು ಅಗಲ, ಗಿಡ್ಡ. ಕೆಳದವಡೆ ಮುಂದೆ ಬಂದ ಮೂರನೆಯದು ತಟ್ಟೆ: ಆಳವೇ ಇಲ್ಲ. ನೂರಕ್ಕೆ ನೂರು ಹೀಗೆಯೇ ಎಂದು ಯಾವ ಡಾಕ್ಟರೂ ಪ್ರಮಾಣ ಮಾಡುತ್ತಿರಲಿಲ್ಲ. ಶೀನನ ಹೆಬ್ಬೆರಳು ಮಾತ್ರ ಮಾಡುತ್ತಿತ್ತು, ಮತ್ತು ತಪ್ಪಿದ್ದು ಕಡಿಮೆ.

ಅವನಿಗೆ ಇದ್ದವಳು ಒಬ್ಬಳೇ ಮಗಳು, ಶರ್ಮಿಳಾ. ಹುಟ್ಟಿದ್ದು ಎಂಬತ್ತೇಳರಲ್ಲಿ. ಮೂಗು ಯಾವಾಗಲೂ ಕಟ್ಟಿ, ಬಾಯಿ ತೆರೆದುಕೊಂಡೇ ಮಲಗುವ ಮಗು. ಬಾಯಲ್ಲಿ ಉಸಿರಾಡುವ ಮಗುವಿನ ನಾಲಿಗೆ ಅಂಗುಳಕ್ಕೆ ಒರಗುವುದಿಲ್ಲ, ಕೆಳಗೆ ಬಿದ್ದಿರುತ್ತದೆ. ಒಳಗಿನಿಂದ ಆನಿಕೆ ಇಲ್ಲದ ಮೇಲೆ ಕೆನ್ನೆಗಳು ಹೊರಗಿನಿಂದ ಒತ್ತಿ ಒತ್ತಿ ಅಂಗುಳ ಇಕ್ಕಟ್ಟಾಗಿ ಮೇಲೇರುತ್ತದೆ. ಶೀನನಿಗೆ ಇದೆಲ್ಲ ಬಾಯಿಪಾಠ. ಆದರೆ ಅದು ಆಸ್ಪತ್ರೆಯ ಪಾಠ. ಮನೆಯಲ್ಲಿ ಅವನು ಕಂಡದ್ದು ಮೊಲದ ಹಾಗೆ ಎರಡು ಹಲ್ಲು ಮುಂದೆ ಬಿಟ್ಟು ನಗುವ ಮಗಳನ್ನು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದ ಮೇಲೆ ಮೊಲ ಮುದ್ದಾಗದೆ ಇರುತ್ತದೆಯೇ?

ಹೆಂಡತಿ ರತ್ನಾವತಿಗೆ ಮಾತ್ರ ಆ ಹಲ್ಲು ಕಣ್ಣಿಗೆ ಚುಚ್ಚುತ್ತಿತ್ತು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹೆಂಗಸರು ಮಗುವಿನ ಗಲ್ಲ ಹಿಡಿದು, ಇವಳಿಗೆ ಊಟಕ್ಕೆ ಚಮಚವೇ ಬೇಡ, ಹಲ್ಲೇ ಸಾಕು ಎಂದು ನಕ್ಕದ್ದನ್ನು ಅವಳು ಮರೆಯಲಿಲ್ಲ. ಕೆಟ್ಟ ತಾಯಿಯಲ್ಲ ಅವಳು, ಹೆದರಿದ ತಾಯಿ. ದಿನಾ ಬೆಳಿಗ್ಗೆ ಜಡೆ ಹೆಣೆಯುವಾಗ ಕನ್ನಡಿಯಲ್ಲಿ ಮಗಳ ಮುಖ ನೋಡುತ್ತ ಒಂದು ಪಾಠ ಹೇಳಿಕೊಡುತ್ತಿದ್ದಳು.

"ತುಟಿ ಕೂಡ್ಸ್ ಮಗಾ. ಗದ್ದ ಸ್ವಲ್ಪ ಮುಂದ್ ತಾ. ಹಾಂ, ಈಗ ಕಾಣ್, ಎಷ್ಟ್ ಚೆಂದ."

ಮಗು ಜಾಣೆ. ಎಂಟು ವರ್ಷಕ್ಕೆ ಕೆಳದವಡೆಯನ್ನು ಒಂದು ಹಲ್ಲಿನಷ್ಟು ಮುಂದೆ ತಂದು ಉಬ್ಬುಹಲ್ಲಿನ ಕೆಳಗೆ ಸರಿಯಾಗಿ ನಿಲ್ಲಿಸುವುದನ್ನು ಕಲಿತಳು. ಮೊದಲು ಕನ್ನಡಿಯ ಮುಂದೆ, ಆಮೇಲೆ ನೆಂಟರ ಮುಂದೆ, ಆಮೇಲೆ ಶಾಲೆಯಲ್ಲಿ, ಕೊನೆಗೆ ಎಲ್ಲ ಕಡೆ. ಎಲ್ಲರೂ, ಬೆಳೆಯುತ್ತಿದ್ದಂತೆ ಹುಡುಗಿಯ ಹಲ್ಲು ತಾನೇ ಸರಿಹೋಯಿತು ಎಂದರು. ಶೀನನೂ ಅಂದ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ನಮ್ಮ ಹಿರಿಯರು ಇಂಥವರನ್ನು ನೋಡಿಯೇ ಮಾಡಿರಬೇಕು.

ಆದರೂ ಹತ್ತು ತುಂಬಿದ ಮೇಲೆ, ತೊಂಬತ್ತೇಳರ ಒಂದು ಶನಿವಾರ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಚಿಂತೆಯಿಂದಲ್ಲ, ಅಭಿಮಾನದಿಂದ. ಅಷ್ಟು ವರ್ಷ ಊರಿನವರ ಬಾಯಿ ಎರೆದವನ ಕಪಾಟಿನಲ್ಲಿ ಸ್ವಂತ ಮಗಳದು ಒಂದು ಇರಬೇಡವೇ? ದೊಡ್ಡ ಡಾಕ್ಟರು ಅಂದು ಯಾವುದೋ ಮೀಟಿಂಗಿನಲ್ಲಿದ್ದರು. ಬಾಯಿಯ ಗುರುತು ತೆಗೆಯುವುದು ಡಾಕ್ಟರ ಕೆಲಸ, ಶೀನನದಲ್ಲ. ಆದರೆ ಆ ಕೈ ಯಾರಿಗಿದೆ ಇಲ್ಲಿ ಎಂಬ ಜಂಬ ಇತ್ತು. ಕುರ್ಚಿಯಲ್ಲಿ ಮಗಳನ್ನು ಕೂರಿಸಿ ತಾನೇ ಟ್ರೇ ಇಟ್ಟ. ಮೇಣದ ಹಾಳೆ ಮೆತ್ತಗೆ ಮಾಡಿ ಬಾಯಿಗೆ ಇಟ್ಟು, ಸಮಾ ಕಚ್ಚು ಮಗಾ ಎಂದ. ಮಗಳು ಅಪ್ಪನ ಮುಖವನ್ನೇ ನೋಡುತ್ತ ಕಚ್ಚಿದಳು. ಮುಂದಿನ ಹಲ್ಲುಗಳು ಚೆಂದವಾಗಿ ಒಂದರ ಮೇಲೊಂದು ಕೂತದ್ದು ಕಂಡು ಶೀನನ ಮುಖ ಅರಳಿತು.

ಸೋಮವಾರ ಅಚ್ಚು ಸಿದ್ಧವಾಯಿತು. ಎರಡನ್ನೂ ಜೋಡಿಸಿ ಮೇಜಿನ ಮೇಲೆ ಇಟ್ಟರೆ ಮುಂದಿನಿಂದ ನೋಡಲು ಒಂದನೇ ಕ್ಲಾಸು. ಹಿಂದಿನ ಹಲ್ಲುಗಳು ಮಾತ್ರ ಒಂದರೊಳಗೊಂದು ಇಳಿಯದೆ ತುದಿಗೆ ತುದಿ ತಾಗಿ ನಿಂತಿದ್ದವು. ಶೀನ ಚಾಳಿಯಂತೆ ಅಂಗುಳಕ್ಕೆ ಹೆಬ್ಬೆರಳು ಇಟ್ಟ. ಬೆರಳು ಕೂರಲಿಲ್ಲ. ಎರಡೂ ಬದಿಗೆ ಉಜ್ಜುತ್ತ ಮೇಲೆ, ಇನ್ನೂ ಮೇಲೆ ಹೋಯಿತು. ಮಾಡು.

ಅವನು ಬೆರಳು ತೆಗೆದ. ಬಟ್ಟೆಗೆ ಒರೆಸಿಕೊಂಡ. ಇಪ್ಪತ್ತು ವರ್ಷ ಹೆಚ್ಚುಕಡಿಮೆ ಮೋಸವನ್ನೇ ಮಾಡದ ಬೆರಳನ್ನು ಅಂದು ಒಂದು ದಿನ ಅವನು ನಂಬಲಿಲ್ಲ. ಕಣ್ಣಿಗೆ ಬೇಕಾದದ್ದು ಕಣ್ಣೆದುರೇ ಕೂತಿರುವಾಗ ಬೆರಳಿನ ಮಾತು ಯಾರಿಗೆ ಬೇಕು? ತಳದಲ್ಲಿ ನಂಬರು ಬರೆದು ಪಕ್ಕದಲ್ಲಿ ಒಂದನೇ ಕ್ಲಾಸು ಎಂದು ಬರೆದ. ಹೆಸರು ಬರೆಯುವ ಪದ್ಧತಿ ಇರಲಿಲ್ಲ. ದೊಡ್ಡ ಡಾಕ್ಟರು ಹಾದುಹೋಗುತ್ತ ಅಚ್ಚನ್ನು ಕೈಗೆತ್ತಿಕೊಂಡು, ನಿನ್ನ ಮಗಳದಾ, ಏನೂ ತೊಂದರೆ ಇಲ್ಲ, ಹಲ್ಲೆಲ್ಲ ಬರಲಿ, ಆಮೇಲೆ ನೋಡೋಣ ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅಚ್ಚು ಕಪಾಟು ಸೇರಿತು.

ಆ ವಯಸ್ಸಿನಲ್ಲಿ ಆಗಬಹುದಾಗಿದ್ದ ಕೆಲಸ ಸಣ್ಣದು. ಅಂಗುಳದ ಎರಡು ಅರ್ಧಗಳು ನಡುವೆ ಇನ್ನೂ ಬೆಸೆದಿರುವುದಿಲ್ಲ. ತಿರುಪು ಇರುವ ಒಂದು ತಗಡನ್ನು ಬಾಯೊಳಗೆ ಕೂರಿಸಿ ದಿನಕ್ಕೆ ಕಾಲು ಸುತ್ತು ತಿರುಗಿಸಿದರೆ ಅಂಗುಳ ಅಗಲವಾಗುತ್ತದೆ. ಬೆಳೆಯುವ ಕೆಳದವಡೆಗೂ ಮುಂದೆ ಬರಲು ಜಾಗ ಸಿಗುತ್ತದೆ. ಅಂಥ ತಗಡುಗಳಿಗೆ ಶೀನನೇ ನೂರಾರು ಅಚ್ಚು ಎರೆದುಕೊಟ್ಟಿದ್ದ. ಊರಿಗೆಲ್ಲ ಕೊಟ್ಟದ್ದು ಮನೆಗೆ ಬರಲಿಲ್ಲ.

ಎಂಟು ವರ್ಷ ಕಳೆಯಿತು. ದೊಡ್ಡ ಡಾಕ್ಟರು ತೀರಿಕೊಂಡರು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದವು. ಹನ್ನೆರಡನೇ ತರಗತಿ ಮುಗಿದದ್ದೇ ತಡ, ಊರಿನ ಮಕ್ಕಳೆಲ್ಲ ಅಲ್ಲಿಗೆ ಹೋಗಿ ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತರು. ಎರಡು ಸಾವಿರದ ಐದರಲ್ಲಿ ಶರ್ಮಿಳಾಳಿಗೂ ಒಂದು ಕಾಲ್ ಸೆಂಟರಿನಲ್ಲಿ ಕೆಲಸವಾಯಿತು. ಇಂಗ್ಲೆಂಡಿನವರಿಗೆ ಟೆಲಿಫೋನಿನಲ್ಲಿ ವಿಮೆ ಮಾರುವುದು. ಮಧ್ಯಾಹ್ನ ಹನ್ನೆರಡಕ್ಕೆ ಮನೆ ಬಾಗಿಲಿಗೇ ವ್ಯಾನು. ಅಲ್ಲಿ ಅವಳ ಹೆಸರು ಶರ್ಲಿ. ಅವಳ ಉಚ್ಚಾರಣೆ ಎಷ್ಟು ಶುದ್ಧ ಎಂದರೆ ಹೊಸಬರಿಗೆ ಕಲಿಸುವಾಗ ಅವಳ ಕರೆಗಳನ್ನೇ ಹಾಕಿ ಕೇಳಿಸುತ್ತಿದ್ದರಂತೆ. ರತ್ನಾವತಿ ಅದನ್ನು ಸಂಘದಲ್ಲಿ ಹೇಳಿಕೊಂಡು ಬಂದಳು. ಚಮಚದ ಮಾತಾಡಿದ್ದ ಹೆಂಗಸರೂ ಕೇಳಿದರು.

ಆ ಶುದ್ಧ ಉಚ್ಚಾರಣೆಯ ಗುಟ್ಟು ಮಗಳೊಬ್ಬಳಿಗೇ ಗೊತ್ತಿತ್ತು. ದವಡೆಯನ್ನು ಅದರ ಪಾಡಿಗೆ ಬಿಟ್ಟರೆ ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ನಡುವೆ ಗಾಳಿ ನುಸುಳಿ ಮಾತು ಸೋರುತ್ತಿತ್ತು. ಹಾಗಾಗಿ ಒಂಬತ್ತು ಗಂಟೆ ಅದನ್ನು ಮುಂದೆ ಹಿಡಿದೇ ಮಾತಾಡಬೇಕು. ಎರಡನೇ ತಿಂಗಳಿಗೆ ಕಿವಿಯ ಮುಂದೆ ನೋವು ಶುರುವಾಯಿತು. ಮೂರನೇ ತಿಂಗಳಿಗೆ ಆಕಳಿಸಿದರೆ ಟಕ್ ಎನ್ನುವ ಸದ್ದು. ಒಂದು ದಿನ ರೊಟ್ಟಿ ಕಚ್ಚಲು ಹೋದವಳಿಗೆ ಬಾಯಿ ಅರ್ಧಕ್ಕೇ ನಿಂತು, ಸ್ವಲ್ಪ ಹೊತ್ತು ತೆರೆಯಲೇ ಇಲ್ಲ. ಎ.ಸಿ. ಗಾಳಿಗೆ ಆಗಿರಬೇಕು ಎಂದು ತಾಯಿ ಕಿವಿಗೆ ಬಿಸಿ ಎಣ್ಣೆ ಬಿಟ್ಟಳು.

ಇದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಪಾರಮಿತಾ ಗುಹ ಎಂಬ ಚಿಕ್ಕ ಪ್ರಾಯದ ಡಾಕ್ಟರು ಒಂದು ಅಧ್ಯಯನ ಹಿಡಿದಿದ್ದರು. ಹಲ್ಲು ಕೂಡುವ ಬಗೆ ಬದಲಾದಂತೆ ಅಂಗುಳದ ಆಕಾರ ಹೇಗೆ ಬದಲಾಗುತ್ತದೆ ಎಂಬುದೇ ವಿಷಯ. ಶೀನನ ಕಪಾಟಿನಿಂದ ನೂರಿಪ್ಪತ್ತು ಜೊತೆ ಅಚ್ಚು ತೆಗೆದು ಅಗಲ, ಆಳ, ಉದ್ದ ಅಳೆದರು. ಅಳೆಯುವ ಮೊದಲು ಶೀನ ಹೆಬ್ಬೆರಳು ಇಟ್ಟು ಇದು ಬೋಗುಣಿ, ಇದು ತಟ್ಟೆ ಎಂದು ಹೇಳುವುದು, ಆಮೇಲೆ ಅವರು ಅಳೆದು ನಗುವುದು. ಶೀನುದಾ, ನೀವು ಬಾಯಿ ಬಿಟ್ಟರೆ ಸಾಕು, ನನ್ನ ಪುಸ್ತಕವೇ ಬೇಡ ಎಂದು, ಬಂಗಾಳಿಗಳು ಅಣ್ಣನಿಗೆ ಹೇಳುವ ದಾ ಸೇರಿಸಿ ಹೇಳುತ್ತಿದ್ದರು. ಬದುಕಿನಲ್ಲಿ ಯಾರೂ ಅವನಿಗೆ ಅಷ್ಟು ದೊಡ್ಡ ಮಾತು ಆಡಿರಲಿಲ್ಲ. ಅವನು ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಮಾತ್ರ ಇಪ್ಪತ್ತು ಅಚ್ಚುಗಳನ್ನು ಅವರೊಬ್ಬರೇ ಅಳೆದು ಮುಗಿಸಿದ್ದರು, ಅವಕ್ಕೆ ಅವನ ಹೆಬ್ಬೆರಳು ತಾಗಲಿಲ್ಲ.

ವಾರದ ಮೇಲೆ ಅವರು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ತಂದು ತೋರಿಸಿದರು. ಒಂದೊಂದು ಬಾಯಿಗೆ ಒಂದೊಂದು ಚುಕ್ಕೆ, ಒಂದೊಂದು ಬಗೆಗೆ ಒಂದೊಂದು ಬಣ್ಣ. ಬಣ್ಣಗಳು ಅಲ್ಲಲ್ಲಿ ಬೆರೆತಿದ್ದರೂ ಸ್ಥೂಲವಾಗಿ ಬೇರೆ ಬೇರೆ ಗುಂಪಾಗಿ ನಿಂತಿದ್ದವು. ಎತ್ತರದ, ಇಕ್ಕಟ್ಟಿನ ಅಂಗುಳಗಳ ಕೆಂಪು ಚುಕ್ಕೆಗಳ ಗುಂಪಿನಲ್ಲಿ, ಎಲ್ಲಕ್ಕಿಂತ ಮೇಲೆ, ಒಂದೇ ಒಂದು ಹಸಿರು ಚುಕ್ಕೆ. ಒಂದನೇ ಕ್ಲಾಸಿನ ಬಣ್ಣದ್ದು.

"ಇದೊಂದನ್ನು ತೆಗೆದುಬಿಡೋಣ ಶೀನುದಾ," ಎಂದರು ಡಾಕ್ಟರು. "ಅಂಗುಳ ಎರಡನೆಯದು, ಕಚ್ಚು ಮಾತ್ರ ಒಂದನೆಯದು. ಮೇಣ ಕಚ್ಚಿಸಿದವರು ಯಾರೋ ಎಡವಿದ್ದಾರೆ."

ಡಾಕ್ಟರು ಮೇಜಿನ ಮೇಲಿಟ್ಟ ಆ ಅಚ್ಚನ್ನು ಶೀನ ತಿರುಗಿಸಿ ತಳ ನೋಡಿದ. ತನ್ನದೇ ಅಕ್ಷರ. ತೊಂಬತ್ತೇಳರ ನಂಬರು. ಸುಮ್ಮನಿದ್ದರೆ ಆಗುತ್ತಿತ್ತು. ಆ ಚುಕ್ಕೆ ಅಳಿಸಿಹೋಗುತ್ತಿತ್ತು, ಅವನ ಮೂವತ್ತು ವರ್ಷದ ಹೆಸರು ಉಳಿಯುತ್ತಿತ್ತು. ಅಚ್ಚಿನಲ್ಲಿ ಹೆಸರು ಬರೆಯುವ ಪದ್ಧತಿಯೇ ಇಲ್ಲ, ಯಾರು ಕೇಳುತ್ತಿದ್ದರು? ಆದರೆ ಮನೆಯಲ್ಲಿ ಮಗಳು ಕಿವಿ ಹಿಡಿದುಕೊಂಡು ಅನ್ನವನ್ನು ಹಿಚುಕಿ ನುಂಗುವುದು ಅವನಿಗೆ ಆ ಕ್ಷಣದಲ್ಲಿ ಅರ್ಥವಾಯಿತು.

"ಎಡವಿದ್ದು ನಾನೇ ದೀದಿ," ಎಂದ. "ಅದು ನನ್ನ ಮಗಳ ಬಾಯಿ."

ಮರುದಿನವೇ ಶರ್ಮಿಳಾಳನ್ನು ಕರೆಸಿದರು. ಡಾಕ್ಟರು ಅವಳನ್ನು ಮಲಗಿಸಿ, ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳದ ಕೊನೆಗೆ ತಾಗಿಸು, ಹಾಗೆಯೇ ಬಾಯಿ ಮುಚ್ಚು ಎಂದರು. ನಾಲಿಗೆ ಹಿಂದೆ ಹೋದರೆ ದವಡೆ ಮುಂದೆ ನಿಲ್ಲಲಾರದು. ಅದು ಹಿಂದಕ್ಕೆ ಜಾರಿತು. ಅಳೆದರೆ ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ನಡುವೆ ಹನ್ನೊಂದು ಮಿಲಿಮೀಟರು. ಶೀನ ಮೂಲೆಯಲ್ಲಿ ನಿಂತು ನೋಡಿದ. ಡಾಕ್ಟರ ಕೈ ಅಡ್ಡ ಇತ್ತು, ಹಲ್ಲು ಕಂಡಿತು, ಮುಖ ಕಾಣಲಿಲ್ಲ.

ಆಮೇಲೆ ಡಾಕ್ಟರು ಹೇಳಿದ್ದರಲ್ಲಿ ಮುಚ್ಚುಮರೆ ಇರಲಿಲ್ಲ. ಬೆಳವಣಿಗೆ ಮುಗಿದಿದೆ, ಅಂಗುಳ ಬೆಸೆದುಕೊಂಡಿದೆ, ಇನ್ನು ತಿರುಪಿನ ತಗಡಿಗೆ ಅದು ಬಗ್ಗುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಉಳಿದದ್ದು ಆಪರೇಷನ್ ಒಂದೇ, ಎರಡೂ ದವಡೆ ಕೊಯ್ದು ಕೂರಿಸುವುದು. ಅದಕ್ಕೂ ಒಂದು ಅಡ್ಡಿ. ಹತ್ತು ವರ್ಷ ಎಳೆದು ಹಿಡಿದು ಕಿವಿಯ ಮುಂದಿನ ಕೀಲು ಸವೆಯತೊಡಗಿದೆ. ಮುರುಕು ಕೀಲಿನ ಮೇಲೆ ಯಾವ ಸರ್ಜನ್ನನೂ ಕತ್ತಿ ಇಡುವುದಿಲ್ಲ. ಆರು ತಿಂಗಳು ದವಡೆಯನ್ನು ಅದರ ಜಾಗದಲ್ಲಿ ಬಿಡಬೇಕು. ಬಿಟ್ಟರೆ ಕೀಲು ತಣಿದೀತು, ಆಪರೇಷನ್ ಆದೀತು. ಹೀಗೇ ಮುಂದೆ ಹಿಡಿದಿದ್ದರೆ ವರ್ಷ ಎರಡು ವರ್ಷದಲ್ಲಿ ಬಾಯಿ ಒಂದು ಬೆರಳಿನಷ್ಟಕ್ಕೇ ನಿಲ್ಲುತ್ತದೆ, ಆಮೇಲೆ ಯಾರೂ ಏನೂ ಮಾಡಲಾರರು. ಔಷಧಿ ಎಂದರೆ ಇಷ್ಟೇ: ಹಿಡಿಯಬಾರದು.

ಶರ್ಮಿಳಾ ಆ ವಾರವೇ ಕೆಲಸ ಬಿಟ್ಟಳು. ಬಿಟ್ಟಳು ಎನ್ನುವುದಕ್ಕಿಂತ, ದವಡೆ ಬಿಟ್ಟು ಮಾತಾಡಲು ನೋಡಿದಳು, ಮೂರನೇ ದಿನ ಮೇಲಿನವರು ಕರೆದು ನಿನ್ನ ಮಾತಿಗೆ ಏನಾಯಿತು ಎಂದು ಕೇಳಿದರು, ನಾಲ್ಕನೇ ದಿನ ವ್ಯಾನಿಗೆ ಹೋಗಲಿಲ್ಲ. ಶರ್ಲಿ ಸತ್ತುಹೋದಳು ಎಂದು ಹಿಂದಿಯಲ್ಲಿ ತಮಾಷೆ ಮಾಡಿದಳು. ಯಾರೂ ನಗಲಿಲ್ಲ. ರತ್ನಾವತಿ ದೇವರ ಮುಂದೆ ಕೂತು, ನಾನೇ ಮಾಡಿದೆ, ಜಡೆ ಹಾಕ್ತಾ ಹಾಕ್ತಾ ನಾನೇ ಮಾಡಿದೆ ಎಂದು ಅತ್ತಳು. ಶೀನನಿಗೆ ಅವಳನ್ನು ಸಮಾಧಾನ ಮಾಡುವ ಮುಖವಿರಲಿಲ್ಲ. ಹೆಂಡತಿ ಮಾಡಿದ್ದು ಗೊತ್ತಿಲ್ಲದೆ, ತಾನು ಮಾಡಿದ್ದು ಬೆರಳಿನ ತುದಿಗೆ ಗೊತ್ತಿದ್ದೂ. ಬೇಗೆಯಲ್ಲಿ ಅವನು ಒಂದು ಸಲ ಮಗಳನ್ನೇ ಕೇಳಿಬಿಟ್ಟ: ಅವತ್ತು ನಿಂಗೆ ಗೊತ್ತಾಗಲಿಲ್ವಾ ಮಗಾ, ಕಚ್ಚಿದ್ದು ತಪ್ಪು ಅಂತ?

"ಗೊತ್ತಿತ್ತ್ ಅಪ್ಪಯ್ಯ," ಎಂದಳು. "ಇನ್ನೊಂದ್ ಕಚ್ಚ್ ಇತ್ತ್ ಅಂದೇಳಿ ಗೊತ್ತಿತ್ತ್. ಆದ್ರೆ ನಿಮ್ಗ್ ಎಷ್ಟ್ ಖುಷಿ ಆಯ್ತ್ ಅಂದ್ ಕಂಡೆ. ಮತ್ತೆ ಹ್ಯಾಂಗ್ ಹೇಳುದ್?"

ಶೀನ ಆ ಮಾತನ್ನು ಹೊತ್ತುಕೊಂಡು ಒಂದು ವಾರ ಆಸ್ಪತ್ರೆಗೆ ಹೋಗಿ ಬಂದ. ಕೆಲಸದಲ್ಲಿ ಕೈ ನಡೆಯಲಿಲ್ಲ. ಪ್ಲಾಸ್ಟರಿನಲ್ಲಿ ಗುಳ್ಳೆ ಎದ್ದವು. ಎರಡು ಅಚ್ಚು ಒಡೆದು ಮತ್ತೆ ಎರೆಯಬೇಕಾಯಿತು. ಹತ್ತು ವರ್ಷದ ಕೂಸು ಅಪ್ಪನ ಮುಖದ ಒಂದು ನಗುವಿಗೆ ತನ್ನ ಎಲುಬನ್ನು ತೆತ್ತಿತ್ತು, ಆ ನಗುವನ್ನು ಅವನು ಬಾಯಿ ತುಂಬ ನಕ್ಕಿದ್ದ.

ತಿಂಗಳಾದ ಮೇಲೆ ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಕೀಲು ಹಾಗೆಯೇ ಇದೆ, ಇವಳು ಬಿಡುತ್ತಲೇ ಇಲ್ಲ ಎಂದರು. ಹೌದು, ಬಿಡುತ್ತಿರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತವಳು ಮನೆಯವರ ಮುಂದೆಯೂ ಹಿಡಿದೇ ಇರುತ್ತಿದ್ದಳು. ಬಾಗಿಲು ಹಾಕಿಕೊಂಡು ಒಬ್ಬಳೇ ಇದ್ದಾಗ ಬಿಡುತ್ತೇನೆ ಎಂದಳು, ಆದರೆ ಕನ್ನಡಿ ಇರುವ ಕೋಣೆಯಲ್ಲಿ ಅದೂ ಆಗುತ್ತಿರಲಿಲ್ಲವಂತೆ. ಡಾಕ್ಟರು ಶೀನನನ್ನು ಹೊರಗೆ ಕರೆದು, ಇದು ನನ್ನ ಕೈಯಲ್ಲಿ ಇಲ್ಲ ಶೀನುದಾ ಎಂದರು. ಒಬ್ಬರ ಎದುರಿಗಾದರೂ ಅವಳು ನಾಚಿಕೆ ಇಲ್ಲದೆ ಬಿಡಬೇಕು. ಒಬ್ಬರ ಮುಂದೆ ಬಿಟ್ಟರೆ ಎಲ್ಲರ ಮುಂದೆ ಬಿಟ್ಟಾಳು. ಆ ಒಬ್ಬರು ನೀವಾಗಿ.

ಅದಕ್ಕೆ ತನಗಿಂತ ತಕ್ಕವರು ಯಾರಿದ್ದಾರೆ ಎಂದುಕೊಂಡ ಶೀನ. ಭಾನುವಾರ ರತ್ನಾವತಿ ತಮ್ಮನ ಮನೆಗೆ ಹೋದ ಹೊತ್ತು ನೋಡಿ, ಮಧ್ಯಾಹ್ನದ ಊಟಕ್ಕೆ ಅಪ್ಪ ಮಗಳು ಇಬ್ಬರೇ ಕೂತರು. ಅನ್ನ, ಸಾರು, ಮೆತ್ತಗೆ ಬೇಯಿಸಿದ ಹಾಗಲ. ಕಿಟಕಿಯ ಬೆಳಕು ಅವಳ ಮುಖದ ಮೇಲೇ ಬೀಳುತ್ತಿತ್ತು. ಶೀನ ಹೇಳಬೇಕೆಂದಿದ್ದನ್ನೆಲ್ಲ ಮರೆತು, ಹೇಳಲು ಬಂದದ್ದನ್ನು ಹೇಳಿದ.

"ನನ್ನೆದ್ರ್ ಎಂತ ನಾಚ್ಕಿ ಮಗಾ? ನಾನ್ ಕಾಣದ ಬಾಯಿ ಉಂಟಾ ಈ ಊರಂಗೆ? ಬಿಡ್. ಒಂದ್ ಊಟ ಮುಗಿವಷ್ಟ್ ಹೊತ್ತ್ ಬಿಡ್."

ಶರ್ಮಿಳಾ ಕೈಯ ತುತ್ತನ್ನು ತಟ್ಟೆಯಲ್ಲಿ ಇಟ್ಟಳು. ಆಮೇಲೆ ಕಣ್ಣು ಮುಚ್ಚಿದಳು. ಕಿವಿಯ ಬಳಿ ಟಕ್ ಎಂದಿತು, ದವಡೆ ಹಿಂದಕ್ಕೆ ಹೋಯಿತು.

ಶೀನ ಅಷ್ಟು ವರ್ಷ ನೋಡಿದ್ದು ಪ್ಲಾಸ್ಟರು. ಪ್ಲಾಸ್ಟರಿಗೆ ತುಟಿ ಇಲ್ಲ, ಗದ್ದ ಇಲ್ಲ, ಕಣ್ಣು ಇಲ್ಲ. ಎಂಟು ವರ್ಷದವಳಾಗಿದ್ದಾಗಿನಿಂದ ಮಗಳ ಮುಖ ಎಂದು ಅವನು ತಿಳಿದಿದ್ದ ಮುಖ ಅಲ್ಲಿರಲಿಲ್ಲ. ಗದ್ದ ಕುತ್ತಿಗೆಯೊಳಕ್ಕೆ ಸೇರಿಹೋಗಿತ್ತು. ಮೇಲಿನ ಹಲ್ಲುಗಳು ಕೆಳದುಟಿಯನ್ನು ಒತ್ತಿ ಅದರ ಮೇಲೆ ಕೂತಿದ್ದವು. ಹದಿನೆಂಟರ ಹುಡುಗಿ ಹಠಾತ್ತಾಗಿ ಮುದುಕಿಯಂತೆ, ಬೇರೆ ಯಾರದೋ ಮನೆಯವಳಂತೆ ಕಂಡಳು. ಅವಳು ಕಣ್ಣು ತೆರೆದಳು. ಈ ಕ್ಷಣಕ್ಕೆ ಅವನು ತಯಾರಾಗಿಯೇ ಕೂತಿದ್ದ, ನಗಬೇಕು ಎಂದುಕೊಂಡಿದ್ದ, ದಿಟ್ಟಿಸಿ ನೋಡಬೇಕು ಎಂದುಕೊಂಡಿದ್ದ. ಆದರೆ ಅವನ ಕಣ್ಣು ಅವನ ಮಾತು ಕೇಳಲಿಲ್ಲ. ಅದು ತಟ್ಟೆಗೆ ಇಳಿಯಿತು. ಒಂದು ತುತ್ತು ಕಲಸಿದಷ್ಟು ಹೊತ್ತು, ಹೆಚ್ಚಿಲ್ಲ.

ತಲೆ ಎತ್ತಿದಾಗ ಅವಳು ದವಡೆಯನ್ನು ಮುಂದೆ ತಂದಾಗಿತ್ತು. ಅದೇ ಚೆಂದದ ಮುಖ, ಅದೇ ಕೂಡಿದ ತುಟಿ. ಕೋಪ ಇರಲಿಲ್ಲ. ಅಪ್ಪನಿಗೆ ನೋವಾಯಿತಲ್ಲ ಎಂಬ ಸಂಕಟ ಇತ್ತು.

"ಉಣ್ಣಿ ಅಪ್ಪಯ್ಯ," ಎಂದಳು. "ಅನ್ನ ತಣ್ದ್ ಹೋತ್."

ಇಬ್ಬರೂ ಉಂಡರು. ಆ ದಿನದ ಮೇಲೆ ಬಿಡು ಎಂದು ಹೇಳಲು ಶೀನನಿಗೆ ಬಾಯಿ ಬರಲಿಲ್ಲ, ಅವಳೂ ಮತ್ತೆ ಬಿಡಲಿಲ್ಲ.